ನೇರಳೆ ಮಾಂಸದ ಪರವಾಗಿ

ಇಂದ:
ಎಬ್ಬೆ ಕ್ರಾಗೆಲುಂಡ್,
ಪ್ಯಾಕಿಂಗ್ ಪ್ರಯೋಗಾಲಯ, ಮಾಂಸದ ಕಾರ್ಖಾನೆ,
ಜುಟ್‌ಲ್ಯಾಂಡ್, ಡೆನ್ಮಾರ್ಕ್

ಗೆ:
ಶ್ರೀಮತಿ ಇಂಗರ್ ವೆಸ್ಟರ್‌ಗೋರ್, ವ್ಯವಸ್ಥಾಪಕರು,
ಅದೇ ಕಾರ್ಖಾನೆ, ಪಕ್ಕದ ಕೋಣೆ

ವಿಷಯ: ನೇರಳೆ ಪ್ಯಾಕೆಟ್‌ಗಳ ಪ್ರಯೋಗವನ್ನು ನಿಲ್ಲಿಸದಂತೆ ಕೋರಿ.

ಉಲ್ಲೇಖ: ತಮ್ಮ ಅರವತ್ತನೇ ಹುಟ್ಟುಹಬ್ಬದ ಊಟದಲ್ಲಿ, ಬಾಯಲ್ಲಿ ಮಾಂಸದುಂಡೆ ಇರುವಾಗ ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

1. ಒಂದೇ ದಿನ ಕೊಚ್ಚಿದ ದನದ ಮಾಂಸವನ್ನು ನಾನು ಎರಡು ಬಗೆಯ ಪ್ಯಾಕೆಟ್‌ಗಳಲ್ಲಿ ತುಂಬಿ ಎರಡು ಡಿಗ್ರಿ ತಂಪಿನಲ್ಲಿಟ್ಟಿದ್ದೆ. ಒಂದರಲ್ಲಿ ಹೇರಳ ಆಮ್ಲಜನಕ. ಅದು ಮಾಂಸವನ್ನು ಕೆಂಪಾಗಿಡುತ್ತದೆ, ಆದರೆ ಕೊಬ್ಬು ಅದರಿಂದ ಬೇಗ ಹಳಸುತ್ತದೆ. ಇನ್ನೊಂದರಲ್ಲಿ ಸಾರಜನಕ, ಇಂಗಾಲದ ಡೈಆಕ್ಸೈಡ್ ಮಾತ್ರ. ಮಾಂಸ ನೇರಳೆಗಪ್ಪಾಗುತ್ತದೆ, ಆದರೆ ಹೆಚ್ಚು ದಿನ ಬಾಳುತ್ತದೆ. ಇಷ್ಟನ್ನು ತೋರಿಸಲು ನನಗೆ ಮೂರು ವರ್ಷ ಹಿಡಿದಿದೆ.

2. ಹನ್ನೆರಡನೇ ದಿನ ತಮ್ಮ ಹುಟ್ಟುಹಬ್ಬ. ನಮ್ಮ ಕಾರ್ಖಾನೆಯ ಅಡುಗೆಯ ಸೋಲ್ವೈ ನನ್ನ ಫ್ರಿಜ್ ತೆರೆದು, "ಅಯ್ಯೋ ಎಬ್ಬೆ, ಇದೇನೋ ಇದು, ಚಳೀಲಿ ಈಜಿ ಬಂದೋರ ತುಟಿ ಥರ ಇದೆ! ಇಂಗರ್‌ಗೆ ಇದನ್ನ ಬಡಿಸ್ಲಾ?" ಎಂದು ನೇರಳೆಯದನ್ನು ಬದಿಗೆಸೆದು, ಕೆಂಪು ಮಾಂಸದಿಂದ ಉಂಡೆ ಮಾಡಿ ಹುರಿದಳು. ನಾನು ಬೇಡವೆಂದೆ. "ಸುಮ್ನಿರಪ್ಪಾ, ನನಗೂ ಕಣ್ಣಿದೆ" ಎಂದಳು.

3. ನಮ್ಮಲ್ಲಿ ಹುಟ್ಟುಹಬ್ಬದ ಪುಟ್ಟ ಬಾವುಟ ನೆಟ್ಟ ಮೇಜಿನಲ್ಲಿ ಅಡುಗೆಯನ್ನು ಯಾರೂ ಹಳಿಯುವಂತಿಲ್ಲ. ಆದಕಾರಣ ಎಲ್ಲರೂ "ಆಹಾ" ಎಂದರು. ನಾನೂ ಎಂದೆ, ಮೂರು ಉಂಡೆ ತಿಂದೆ. ರುಚಿ ಒದ್ದೆ ರಟ್ಟಿನದು. ಈ "ಆಹಾ"ಗಳನ್ನು ನಂಬಿದ ತಾವು, "ನೋಡ್ದ್ಯಾ ಎಬ್ಬೆ, ಕೆಂಪೇ ಗೆಲ್ತು. ನಿನ್ನ ನೇರಳೆ ಆಟ ಈ ತಿಂಗಳಿಗೇ ಬಂದ್" ಎಂದಿರಿ.

4. ಆದರೆ ಅಂದು ಉಂಡೆಯ ಜೊತೆ ನಂಚಿಕೊಳ್ಳುವ ಹುಳಿ ಬೀಟ್‌ರೂಟ್ ನಾಲ್ಕು ಬಾಟಲಿ ಖಾಲಿಯಾಯಿತು. ಉಳಿದ ದಿನಗಳಲ್ಲಿ ಒಂದು.

5. ಸೋಲ್ವೈ ಒಂದು ನೇರಳೆ ಪ್ಯಾಕೆಟ್ಟನ್ನೂ ಮಿಕ್ಕ ಉಂಡೆಗಳನ್ನೂ ತನ್ನ ನಾಯಿಗೆಂದು ಮನೆಗೆ ಒಯ್ದಳು. ಪ್ಯಾಕೆಟ್ ಬಿಚ್ಚಿದ ಅರ್ಧ ಗಂಟೆಯಲ್ಲಿ ಗಾಳಿ ತಗುಲಿ ಮಾಂಸ ಕೆಂಪಾಯಿತು, ವಾಸನೆಯೂ ಚೆನ್ನಾಗಿತ್ತು. ಆದ್ದರಿಂದ ಅದನ್ನು ತಾನೇ ಬೇಯಿಸಿ ತಿಂದಳು. ಉಂಡೆಗಳು ನಾಯಿಯ ಪಾಲಾದವು. ಅಂದು ತಮ್ಮ ಹುಟ್ಟುಹಬ್ಬವೆಂಬುದು ನಾಯಿಗೆ ತಿಳಿಯದ ಕಾರಣ, ಅದು ಮೂಸಿ ನೋಡಿ ಎದ್ದುಹೋಯಿತು.

ಆದ್ದರಿಂದ ಸದರಿ ಆದೇಶವನ್ನು ತಡೆಹಿಡಿದು, ಬರುವ ಶುಕ್ರವಾರ ಬಾವುಟವಾಗಲಿ ಬೀಟ್‌ರೂಟಾಗಲಿ ಇಲ್ಲದ ಮೇಜಿನಲ್ಲಿ, ಎರಡೂ ಬಗೆಯ ಹೊಸ ಪ್ಯಾಕೆಟ್‌ಗಳು ಹನ್ನೆರಡು ದಿನ ತುಂಬಿದಾಗ, ತಾವೇ ರುಚಿ ನೋಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ (ಮೂರು ಉಂಡೆಗಳ ಹೊರತು),
ಎಬ್ಬೆ ಕ್ರಾಗೆಲುಂಡ್

ಲಗತ್ತುಗಳು:
ಅ) ಖಾಲಿ ಬಾಟಲಿಗಳು, ನಾಲ್ಕು.
ಆ) ಸೋಲ್ವೈ ಹೇಳಿಕೆ: "ನಂದೇ ತಪ್ಪು ಕಣೋ. ಆದ್ರೆ ಇಂಗರ್‌ಗೆ ನೀನೇ ಹೇಳು."

ವಿ.ಸೂ.: ಬರುವ ಶುಕ್ರವಾರ ನನ್ನ ಹುಟ್ಟುಹಬ್ಬವಿದೆ. ಪ್ರಯೋಗದ ಹಿತದೃಷ್ಟಿಯಿಂದ ಅದನ್ನು ಒಂದು ವಾರ ಮುಂದೂಡಲು ಅಪ್ಪಣೆಯಾಗಬೇಕು.