ಹೆಬ್ಬೆಟ್ಟಿಗೆ ಗ್ಲಿಸರಿನ್

ಹೊಳಲ್ಕೆರೆಯ ರೇಷನ್ ಅಂಗಡಿ ಉಗ್ರಪ್ಪನ ಸಂಕಟಕ್ಕೆಲ್ಲ ಮೂಲ ಅವನ ಹೆಂಡತಿಯ ಹಿಮ್ಮಡಿ. ಮಾಗಿಯ ಗಾಳಿ ಬೀಸಿತೆಂದರೆ ಚಂದ್ರಕ್ಕನ ಹಿಮ್ಮಡಿ ಒಡೆದು ನಡೆಯುವುದೇ ಕಷ್ಟವಾಗುತ್ತಿತ್ತು. ಆಕೆ ಅಂಗಡಿ ಕ್ರೀಮನ್ನು ನಂಬುವವಳಲ್ಲ. ಮೆಡಿಕಲ್ ಸ್ಟೋರಿನಿಂದ ವೆಜಿಟೆಬಲ್ ಗ್ಲಿಸರಿನ್ ತಂದು, ಒಂದು ಪಾಲಿಗೆ ಮೂರು ಪಾಲು ರೋಸ್ ವಾಟರ್ ಬೆರೆಸಿ, ಹಿತ್ತಲ ಲೋಳೆಸರದ ತಿರುಳು ಕಿವುಚಿ ಹಾಕಿ, ಖಾಲಿ ಜಾಮ್ ಬಾಟಲಿಯಲ್ಲಿ ತುಂಬಿಟ್ಟುಕೊಂಡಿದ್ದಳು. ಹದಿನೈದೇ ದಿನದಲ್ಲಿ ಹಿಮ್ಮಡಿ ನುಣ್ಣಗಾಯಿತು. ಹಿಮ್ಮಡಿಗೆ ಆಗುವುದು ಹೆಬ್ಬೆಟ್ಟಿಗೆ ಯಾಕಾಗಬಾರದು ಎಂದು ಉಗ್ರಪ್ಪನಿಗೆ ಹೊಳೆದದ್ದು ಆಗ.

ಹೆಬ್ಬೆಟ್ಟೇ ಅವನ ಬದುಕಿನ ದೊಡ್ಡ ಶತ್ರು. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತದೆ ಯಾರಿಗೂ ಅಕ್ಕಿ ಕೊಡುವ ಹಾಗಿಲ್ಲ. ದುಡಿದು ಸವೆದ, ಗಾಳಿಗೆ ಒಣಗಿದ ಬೆರಳುಗಳನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. ಎರಡು ಸಲ ಒತ್ತಿಸಿ ನೋಡಿ, ಆಗದಿದ್ದರೆ ಉಗ್ರಪ್ಪ ತಲೆ ಎತ್ತದೆ "ಸರ್ವರ್ ಬಿಜಿ ಐತೆ, ನಾಳೆ ಬರ್ರಿ" ಎನ್ನುತ್ತಿದ್ದ. ಸರ್ವರ್ ಎಂದರೆ ಏನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆ ಮಾತಿಗೆ ಎದುರಾಡಿದವರು ಯಾರೂ ಇರಲಿಲ್ಲ.

ಎಪ್ಪತ್ತು ದಾಟಿದ ಹುಚ್ಚಕ್ಕ ಮಾತ್ರ ಬೇರೆಯೇ ಥರದ ಹೆಂಗಸು. ಆ ತಿಂಗಳು ಐದು ಸಲ ಬಂದು ಐದು ಸಲವೂ ಖಾಲಿ ಚೀಲದೊಂದಿಗೆ ಹಿಂದಿರುಗಿದ ಮೇಲೆ, ಸೀದಾ ಸಹಕಾರ ಸಂಘದ ಕಾರ್ಯದರ್ಶಿ ಪಾಲಯ್ಯನ ಜಗಲಿಗೆ ಹೋಗಿ ಕುಳಿತುಬಿಟ್ಟಳು. ಅಂಗಡಿ ಸಂಘದ್ದು, ಉಗ್ರಪ್ಪ ಅಲ್ಲಿ ಸೇಲ್ಸ್‌ಮನ್. ಪಾಲಯ್ಯ ಬಹಳ ದಿನದಿಂದ ತನ್ನ ಅಕ್ಕನ ಮಗ ಸುದೀಪನಿಗೆ ಒಂದು ಕುರ್ಚಿ ಹುಡುಕುತ್ತಿದ್ದವನು. ಉಗ್ರಪ್ಪನನ್ನು ಕರೆಸಿ ಹೇಳಿದ:

"ಮೂವತ್ತೊಂದನೇ ತಾರೀಕು ಸಂಜೆ ಐದಕ್ಕೆ ಬರ್ತೀನಿ. ಒಂದು ಕಾರ್ಡ್ ಬಾಕಿ ಉಳಿದ್ರೂ ಮಾರನೇ ದಿನದಿಂದ ಸುದೀಪ ಕುಂತ್ಕಂತಾನೆ."

ಇಂಥ ಮಾತು ಕೇಳಿದರೆ ಬೇರೆಯವರು ಹೆದರುತ್ತಿದ್ದರು. ಉಗ್ರಪ್ಪನಿಗೆ ಗ್ಲಿಸರಿನ್ ಧೈರ್ಯ ಬಂದಿತ್ತು.

ಮೂವತ್ತೊಂದರ ಬೆಳಿಗ್ಗೆ ಚಂದ್ರಕ್ಕ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಬಾಗೂರಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಎರಡು ಮಾತು ಹೇಳಿದಳು. ಒಂದು, ಗ್ಲಿಸರಿನ್ ಒಂದಕ್ಕೆ ರೋಸ್ ವಾಟರ್ ಮೂರು, ಅಳತೆ ತಪ್ಪಬಾರದು. ಇನ್ನೊಂದು, "ಎಲ್ಲಾರಿಗಿಂತ ಮೊದ್ಲು ನಮ್ಮ ಕಾರ್ಡಿಂದು ಒತ್ಕಂಬಿಡ್ರಿ."

ಉಗ್ರಪ್ಪ ಎರಡನ್ನೂ ಕೇಳಲಿಲ್ಲ. ಅಂಗಡಿಯವನೇ ಮೊದಲು ಅಳೆದುಕೊಂಡರೆ ಜನ ಏನಂದುಕೊಳ್ಳುತ್ತಾರೆ? ಮನೆಯವರದು ಕೊನೆಗೆ ಎಂಬುದು ಅವನು ಹತ್ತು ವರ್ಷದಿಂದ ಪಾಲಿಸಿಕೊಂಡು ಬಂದ ಮರ್ಯಾದೆ. ಇನ್ನು ಅಳತೆಯ ವಿಷಯ. ಒಂದು ಪಾಲಿಗೇ ಇಷ್ಟು ಗುಣ ಇದ್ದರೆ ಹೆಚ್ಚು ಹಾಕಿದರೆ ಹೆಚ್ಚೇ ಅಲ್ಲವೇ? ಒಂದಕ್ಕೆ ಒಂದರಂತೆ ಇಡೀ ಬಾಟಲಿ ಗ್ಲಿಸರಿನ್ ಸುರಿದ.

ಪಕ್ಕದ ಬಳೆ ಅಂಗಡಿಯ ಮುಝಫರ್ ರೋಸ್ ವಾಟರ್ ಕೊಟ್ಟವನು. ಕರೆಯದೆಯೇ ಬಂದು ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಅಂಟು ಜಾಸ್ತಿಯಾಗಿದೆ, ಇನ್ನೊಂದಿಷ್ಟು ರೋಸ್ ವಾಟರ್ ಹಾಕಿ ಅಂದ. ಬಳೆಯ ವಿಷಯ ನಿನ್ನದು, ಬೆರಳಿನ ವಿಷಯ ನನ್ನದು ಎಂದು ಉಗ್ರಪ್ಪ ಅವನನ್ನು ಕಳಿಸಿದ.

ಮೊದಲು ಬಂದವಳು ಹುಚ್ಚಕ್ಕನೇ. ಬಾಟಲಿ ಕಂಡದ್ದೇ ಕೈ ಹಿಂದಕ್ಕೆಳೆದುಕೊಂಡಳು. ಕೊರಳಲ್ಲಿ ಲಿಂಗ ಇರುವವಳು, ಕಂಡಕಂಡದ್ದನ್ನು ಮುಟ್ಟುವುದಿಲ್ಲ ಅಂದಳು. ಉಗ್ರಪ್ಪ ಗ್ಲಿಸರಿನ್ ಬಾಟಲಿಗೆ ಅಂಟಿಸಿದ್ದ ಚೀಟಿ ತೋರಿಸಿದ.

"ವೆಜಿಟೆಬಲ್ ಅಂತ ಬರ್ದೈತೆ ನೋಡಜ್ಜಿ. ತರಕಾರೀದು."

"ಯಾವ ತರಕಾರೀದು?"

ಇದನ್ನು ಅವನು ಯೋಚಿಸಿರಲಿಲ್ಲ. ಆದರೆ ಸರ್ವರ್ ಬಗ್ಗೆ ಹತ್ತು ವರ್ಷ ಉತ್ತರ ಕೊಟ್ಟವನಿಗೆ ಇದೇನು ಮಹಾ? "ಸೋರೆಕಾಯೀದು" ಎಂದುಬಿಟ್ಟ.

ಹೆಬ್ಬೆಟ್ಟಿಗೆ ಹಚ್ಚಿ, ತಿಕ್ಕಿ, ಟವೆಲಿನಲ್ಲಿ ಒರೆಸಿ, ಯಂತ್ರದ ಮೇಲೆ ಒತ್ತಿಸಿದ. ಒಂದೇ ಸಲಕ್ಕೆ ಹಸಿರು ದೀಪ ಬಂತು. ಉಗ್ರಪ್ಪನಿಗೆ ಕಣ್ಣು ತುಂಬಿ ಬಂತು. ಹುಚ್ಚಕ್ಕ ಅಕ್ಕಿ ತೆಗೆದುಕೊಂಡಳು, ಆದರೆ ಮನೆಗೆ ಹೋಗಲಿಲ್ಲ. ಉಳಿದವರದು ಹೇಗಾಗುತ್ತದೆ ನೋಡೋಣವೆಂದು ಚೀಲ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು.

ಹನ್ನೊಂದರ ಹೊತ್ತಿಗೆ, ಆ ತಿಂಗಳು ಬರಿಗೈಯಲ್ಲಿ ಹೋದವರೆಲ್ಲ ಬಂದು ಸಾಲು ನಿಂತರು. ಬಾಟಲಿಯನ್ನು ಬೇರೆಯವರ ಕೈಗೆ ಕೊಡಲು ಉಗ್ರಪ್ಪನಿಗೆ ಮನಸ್ಸಿಲ್ಲ. ಒಬ್ಬೊಬ್ಬರ ಹೆಬ್ಬೆಟ್ಟನ್ನೂ ತಾನೇ ಹಿಡಿದು, ತನ್ನ ಹೆಬ್ಬೆಟ್ಟಿನಿಂದಲೇ ತಿಕ್ಕಿದ. ದೀಪ ಹಸಿರಾಗುತ್ತಲೇ ಹೋಯಿತು.

ಮಧ್ಯಾಹ್ನಕ್ಕೆ ಹೆಂಗಸರು ಇನ್ನೊಂದು ಗಮನಿಸಿದರು. ಹಚ್ಚಿಸಿಕೊಂಡ ಬೆರಳು ಮಗುವಿನ ಕೆನ್ನೆಯಂತಾಗಿತ್ತು. ಹಾಗಾದರೆ ಕೆನ್ನೆಗೂ ಹಚ್ಚಬಹುದಲ್ಲ? ಅಕ್ಕಿ ಯಾವತ್ತೋ ತೆಗೆದುಕೊಂಡವರೂ ಸಾಲಿಗೆ ಸೇರಿದರು. ಉಗ್ರಪ್ಪ ಯಾರಿಗೂ ಇಲ್ಲ ಅನ್ನದೆ ಅಂಗೈಗೆ ಸುರಿದ. ಅಷ್ಟರಲ್ಲಿ ಗಾಳಿ ಎದ್ದಿತು. ರಾಗಿ ಚೀಲದ ದೂಳು, ರಸ್ತೆಯ ದೂಳು ಎರಡೂ ಹಾರಿ ಬಂದು ಆ ಅಂಟಿನ ಮುಖಗಳ ಮೇಲೆ ಕುಳಿತುಬಿಟ್ಟವು. ಹಿಟ್ಟಿನಲ್ಲಿ ಹೊರಳಿಸಿದ ಮುದ್ದೆಗಳಂತೆ ಕಾಣುತ್ತಿದ್ದ ಹೆಂಗಸರನ್ನೆಲ್ಲ ಮುಝಫರ್ ತನ್ನ ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಮುಖ ತೊಳೆಸಿದ. ತೊಳೆಸುತ್ತಲೇ ತಾನು ಬೆಳಿಗ್ಗೆ ಹೇಳಿದ ಮಾತನ್ನು ಪ್ರತಿಯೊಬ್ಬರಿಗೂ ಹೇಳಿದ.

ಸೋರೆಕಾಯಿಯ ಸುದ್ದಿಯೂ ಸುಮ್ಮನಿರಲಿಲ್ಲ. ಸಾಲಿನಲ್ಲಿ ಕಾಯಲಾರದವರು ಮನೆಯಲ್ಲೇ ಸೋರೆಕಾಯಿ ಹೋಳಿನಿಂದ ಹೆಬ್ಬೆಟ್ಟು ತಿಕ್ಕಿಕೊಂಡು ಬಂದರು. ಯಂತ್ರದ ಗಾಜಿಗೆ ಸೋರೆಕಾಯಿ ರಸ ಮೆತ್ತಿಕೊಂಡಿತು. ಉಗ್ರಪ್ಪ ಅದನ್ನು ಅಂಗಿಯ ತುದಿಯಿಂದ ಒರೆಸಿ, ಅವರಿಗೂ ಹೊಸದಾಗಿ ಗ್ಲಿಸರಿನ್ ಹಚ್ಚಿ, ಅಕ್ಕಿ ಅಳೆದು ಕೊಟ್ಟ. ನಾಲ್ಕೂವರೆಗೆ ಅಂಗಡಿಯ ಮುಂದೆ ಬಾಕಿಯವರು ಒಬ್ಬರೂ ಇರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಪಾಲಯ್ಯ ಬಂದ. ಹಿಂದೆಯೇ ಇಸ್ತ್ರಿ ಅಂಗಿಯ ಸುದೀಪ, ಕಂಕುಳಲ್ಲಿ ಕುರ್ಚಿಗೆಂದು ತಂದ ಹೊಸ ದಿಂಬು. ಪಾಲಯ್ಯ ಯಂತ್ರದಲ್ಲಿ ಪಟ್ಟಿ ನೋಡಿದ. ಒಂದೇ ಒಂದು ಕಾರ್ಡ್ ಬಾಕಿ ಇತ್ತು. ಯಾರದೆಂದು ಕೇಳಿದ.

"ನಂದೇ" ಅಂದ ಉಗ್ರಪ್ಪ. ಹಾಗೆ ಅನ್ನುವಾಗ ಅವನು ಕುಳಿತ ಠೀವಿ ನೋಡಬೇಕಿತ್ತು. ಸುದೀಪ ಪೆಚ್ಚುಮೋರೆ ಹಾಕಿಕೊಂಡು ದಿಂಬನ್ನು ಬೆನ್ನ ಹಿಂದೆ ಸರಿಸಿದ.

ಉಗ್ರಪ್ಪ ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ ಬಂತು.

ಒರೆಸಿಕೊಂಡು ಒತ್ತಿದ. ಕೆಂಪೇ. ಬೆರಳನ್ನು ತಿರುಗಿಸಿ ನೋಡಿಕೊಂಡ. ಬೆಳಗಿನಿಂದ ಊರಿನ ಹೆಬ್ಬೆಟ್ಟುಗಳನ್ನೆಲ್ಲ ತಿಕ್ಕಿ ತಿಕ್ಕಿ, ಅವನ ಹೆಬ್ಬೆಟ್ಟು ಗ್ಲಿಸರಿನ್ನಿನಲ್ಲಿ ನೆನೆದು ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿತ್ತು. ಗೆರೆ ಎಂಬುದು ಹುಡುಕಿದರೂ ಇರಲಿಲ್ಲ. ಮಿಕ್ಕ ಬೆರಳುಗಳದೂ ಅದೇ ಕತೆ. ಮುಝಫರ್ ಸೋಪು ತಂದ. ಯಾರೋ ಬೂದಿ ತಂದರು, ಇನ್ಯಾರೋ ಸೋರೆಕಾಯಿ ಹೋಳನ್ನೇ ಚಾಚಿದರು. ಎಲ್ಲವನ್ನೂ ಹಚ್ಚಿ, ತೊಳೆದು, ಒತ್ತಿದ್ದಾಯಿತು. ಯಂತ್ರ ತನ್ನ ಹಟ ಬಿಡಲಿಲ್ಲ.

ಕೊನೆಗೆ ಬಾಗೂರಿಗೆ ಫೋನ್ ಮಾಡಿದ. ಕಾರ್ಡಿನಲ್ಲಿ ಹೆಸರಿದ್ದ ಇನ್ನೊಂದು ಹೆಬ್ಬೆಟ್ಟು ಚಂದ್ರಕ್ಕನದು. ಬಸ್ಸು ಆರಕ್ಕೆ ಎಂದಳು ಆಕೆ. ಆಮೇಲೆ "ಒಂದಕ್ಕೆ ಎಷ್ಟು ಹಾಕಿದ್ರಿ?" ಎಂದು ಕೇಳಿದಳು. ಉಗ್ರಪ್ಪ ಫೋನ್ ಇಟ್ಟುಬಿಟ್ಟ.

ಐದು ಹೊಡೆಯಿತು. ಪಾಲಯ್ಯ ಸುದೀಪನ ಕಡೆ ನೋಡಿದ. ಉಗ್ರಪ್ಪ ಎದ್ದು ನಿಂತ. ಹತ್ತು ವರ್ಷ ಕುಳಿತ ಕುರ್ಚಿಯ ಮೇಲೆ ದಿಂಬು ಬಂದು ಕೂತಿತು. ತಿಂಗಳ ಅಕ್ಕಿಯೂ ಹೋಯಿತು, ಅದನ್ನು ಅಳೆಯುವ ಕೆಲಸವೂ ಹೋಯಿತು.

ಕಟ್ಟೆಯ ಮೇಲಿದ್ದ ಹುಚ್ಚಕ್ಕ ಮೆಲ್ಲಗೆ ಎದ್ದಳು. ಅಕ್ಕಿ ಚೀಲವನ್ನು ಸೊಂಟಕ್ಕೇರಿಸಿಕೊಂಡು ಹತ್ತಿರ ಬಂದಳು. ಅವನ ಹೆಬ್ಬೆಟ್ಟನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ತಲೆ ಎತ್ತದೆ, ಸಮಾಧಾನದ ದನಿಯಲ್ಲಿ ಹೇಳಿದಳು:

"ಸರ್ವರ್ ಬಿಜಿ ಐತೆ ಕಣಪ್ಪ. ನಾಳೆ ಬಾ."