ಬೆನ್ನು ಹಾಕಿ ನಿಂತ ಚಿಕ್ಕಪ್ಪ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಂಗಿಯ ಗುಂಡಿ ಕಪ್ಪೋ ಕಡುನೀಲಿಯೋ, ಓಟ ಎಂಟುನೂರು ಮೀಟರಿನದೋ ಸಾವಿರದೈನೂರರದೋ, ಈಗ ಖಚಿತವಾಗಿ ಹೇಳಲಾರೆ. ನನ್ನ ಡೈರಿ ಒಂದು ಹೇಳುತ್ತದೆ, ತಲೆ ಇನ್ನೊಂದು. ಆದರೆ ಮಗಳನ್ನು ಹುರಿದುಂಬಿಸಲು ನಮ್ಮ ಚಿಕ್ಕಪ್ಪ ಪಟ್ಟಷ್ಟು ಪಾಡನ್ನು ತುಮಕೂರು ಜಿಲ್ಲೆಯ ಯಾವ ಅಪ್ಪನೂ ಪಟ್ಟಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಅದು ಆ ಮಗಳೊಬ್ಬಳಿಗೆ ಮಾತ್ರ ಕಾಣಲಿಲ್ಲ, ಅಷ್ಟೆ!

ಚಿಕ್ಕಪ್ಪ ಗುಬ್ಬಿಯಲ್ಲಿ ಟೈಲರ್. ಅವರಿಗೆ ಲೋಕದಲ್ಲಿದ್ದ ಹೆದರಿಕೆ ಒಂದೇ, ದೃಷ್ಟಿ. ಊರವರದಲ್ಲ, ತಮ್ಮದೇ!

"ಊರ್ ಕಣ್ಣು ಬಿದ್ರೆ ಉಪ್ಪು ಮೆಣಸಿನ್ಕಾಯಿ ನೀವಾಳಿಸ್ಬೋದು ಕಣಮ್ಮ. ಹೆತ್ತೋರ್ ಕಣ್ಣು ಬಿದ್ರೆ ಏನ್ ನೀವಾಳಿಸ್ತೀಯ?"

ಮಗಳು ಗೌರಿಗೂ ಮೊದಲು ಅವರಿಗೊಂದು ಗಂಡುಮಗು ಇತ್ತಂತೆ. ನಾಮಕರಣದ ದಿನ, "ನೋಡ್ರೋ ನನ್ ಮಗನ್ನ, ಹುಲಿಮರಿ!" ಎಂದು ಬಂದವರೆದುರು ಎತ್ತಿ ತೋರಿಸಿದರಂತೆ. ವಾರದೊಳಗೆ ಜ್ವರ ಬಂದು ಮಗು ಹೋಯಿತು. ಚಿಕ್ಕಮ್ಮ ಆ ಮಾತೆತ್ತಿದರೆ ಚಿಕ್ಕಪ್ಪ ಎದ್ದು ಹೋಗುತ್ತಿದ್ದರು. ನನಗೆ ಹೇಳಿದ್ದು ಅಜ್ಜಿ, ಗೌರಿಗೆ ಹೇಳಬಾರದೆಂದು ಮಾತು ತೆಗೆದುಕೊಂಡು.

"ಅವ್ಳನ್ನ ಯಾಕೆ ಹೊಗಳಲ್ಲ ಅಂತಾದ್ರೂ ಅವ್ಳಿಗೆ ಹೇಳಿ ಚಿಕ್ಕಪ್ಪ" ಎಂದರೆ, "ಹೇಳಿದ್ರೆ ಅದೂ ಹೊಗಳ್ದಂಗೇ ಅಲ್ವಾ?" ಎನ್ನುತ್ತಿದ್ದರು. ಈ ತರ್ಕಕ್ಕೆ ಏನು ಉತ್ತರ ಕೊಡುತ್ತೀರಿ?

ಗೌರಿ ತರಗತಿಗೇ ಮೊದಲು ಬಂದರೆ ಅಂಗಡಿಗೆ ಬಂದ ಗಿರಾಕಿಗಳಿಗೆ, "ಅಯ್ಯೋ ಬುಡಿ ಸಾರ್, ಏನೋ ಜಸ್ಟ್ ಪಾಸು" ಎಂಬ ಉತ್ತರ. ಒಬ್ಬರಂತೂ ಕನಿಕರದಿಂದ ಅವಳ ತಲೆ ಸವರಿ, "ಬೇಜಾರ್ ಮಾಡ್ಕೋಬೇಡ ಮಗ, ಅಂಗಿ ಗುಂಡಿಗೆ ಕಾಜಾ ಹಾಕೋದಾದ್ರೂ ಕಲ್ತ್ಕೋ" ಎಂದು ಹೋದರು!

ಅವಳು ಓಟಗಾತಿ. ಪ್ರತಿ ಪಂದ್ಯಕ್ಕೂ ಚಿಕ್ಕಪ್ಪ ಹೊಸ ಬಿಳಿ ಅಂಗಿ ಹೊಲಿಯುತ್ತಿದ್ದರು. ನಾಲ್ಕು ಬಿಳಿ ಗುಂಡಿ, ಒಂದು ಕಪ್ಪು. ದೃಷ್ಟಿಬೊಟ್ಟಿನ ಬದಲಿಗೆ.

"ಏನ್ರೀ, ಬಿಳಿ ಗುಂಡಿ ಖಾಲಿನಾ?" ಎಂದರು ಅಂಗಡಿಗೆ ಬಂದ ಪಿ.ಟಿ. ಮೇಷ್ಟ್ರು.

"ಹೂಂ ಸಾರ್. ಇವ್ಳಿಗೆ ಇಷ್ಟು ಸಾಕು."

ಚಿಕ್ಕಪ್ಪನ ಬೆನ್ನ ಹಿಂದೆ ಎರಡು ಡಬ್ಬಿ ತುಂಬ ಬಿಳಿ ಗುಂಡಿಗಳಿದ್ದವು. ಗೌರಿ ಆ ಡಬ್ಬಿಗಳನ್ನೇ ನೋಡುತ್ತಿದ್ದಳು.

ಕುಣಿಗಲ್‌ನಲ್ಲಿ ಪಂದ್ಯವಿದ್ದರೆ ಅಂಗಡಿಗೆ ಬೀಗ ಹಾಕಿ, ಗ್ಲೂಕೋಸ್ ಡಬ್ಬಿ ಹಿಡಿದು ಮೊದಲ ಬಸ್ಸು ಹತ್ತುತ್ತಿದ್ದರು. ಮೈದಾನ ಮುಟ್ಟಿದ ಮೇಲೆ ಬೇಲಿಗೆ ಒರಗಿ, ಓಟಕ್ಕೆ ಬೆನ್ನು ಹಾಕಿ ನಿಂತುಬಿಡುತ್ತಿದ್ದರು! ಎದುರಿಗಿದ್ದ ಜನರ ಮುಖಗಳಲ್ಲೇ ಅವರಿಗೆ ಪಂದ್ಯ ಕಾಣಬೇಕು.

"ಏನಾಯ್ತೇ?"

"ಫಸ್ಟು ಚಿಕ್ಕಪ್ಪ!"

"ಥೂ ಥೂ, ಮೆತ್ಗೆ ಹೇಳು!"

ಗೌರಿ ಬಹುಮಾನದ ಕಪ್ ಹಿಡಿದು ಓಡಿಬಂದರೆ, "ಹೂಂ, ಬಸ್ಸಿಗೆ ಟೈಮಾಯ್ತು, ನಡಿ."

ಒಮ್ಮೆ ಗೌರಿ ನನ್ನನ್ನು ಕೇಳಿದಳು: "ಅಕ್ಕ, ಅಪ್ಪ ಯಾಕೆ ಯಾವಾಗ್ಲೂ ಆ ಕಡೆ ತಿರುಗಿ ನಿಂತಿರ್ತಾರೆ?"

ನಾನಾಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ನನ್ನಂಥ ಹಾಸ್ಯಗಾರ್ತಿ ಇನ್ನೊಬ್ಬಳಿಲ್ಲವೆಂಬ ಭ್ರಮೆಯ ವಯಸ್ಸು. "ನೀನು ಓಡೋ ಚೆಂದ ನೋಡಕ್ಕಾಗ್ದೆ ಕಣೇ!" ಎಂದುಬಿಟ್ಟೆ. ಅವಳೂ ನಕ್ಕಳು. ನಕ್ಕಳೆಂದೇ ನನ್ನ ನೆನಪು. ಆದರೆ ಆ ನೆನಪಿನಲ್ಲಿ ಕೇಳಿಸುವುದು ನನ್ನ ನಗೆ ಮಾತ್ರ.

ಮುಂದಿನ ಪಂದ್ಯ ತುಮಕೂರಿನಲ್ಲಿ, ಜಿಲ್ಲಾಮಟ್ಟದ್ದು. ಕೊನೆಯ ಸುತ್ತಿನಲ್ಲಿ ಗೌರಿ ಎಲ್ಲರಿಗಿಂತ ಮುಂದಿದ್ದಳು. ಚಿಕ್ಕಪ್ಪ ನಿಂತಿದ್ದ ಬೇಲಿಯ ಹತ್ತಿರ ಬಂದಾಗ ಆ ಬೆನ್ನನ್ನು ಒಮ್ಮೆ ನೋಡಿದಳು. ನಿಧಾನಿಸಿದಳು. ನಿಂತಳು. ಆಮೇಲೆ, ಸಂತೆ ಮುಗಿಸಿ ಹೊರಟವರಂತೆ, ಗೆರೆ ದಾಟಿ ಹೊರಗೆ ನಡೆದುಬಿಟ್ಟಳು.

ವಾಪಸು ಬಸ್ಸಿನಲ್ಲಿ ಗೌರಿ ಮುಂದೆ, ಕಿಟಕಿಯ ಪಕ್ಕ. ಹಿಂದೆ ನಾನು, ಚಿಕ್ಕಪ್ಪ. ಅವರು ನನ್ನ ಕಿವಿಯಲ್ಲಿ ಹೇಳಿದರು:

"ತಪ್ಪು ನಂದೇ ಕಣಮ್ಮ. ತಡೀಲಾರ್ದೆ, ಅವ್ಳು ಆ ಕಡೆ ತಿರುವಲ್ಲಿದ್ದಾಗ, ಒಂದೇ ಒಂದ್ಸಲ ತಿರುಗಿ ನೋಡ್ಬುಟ್ಟೆ. ಎಷ್ಟ್ ಚೆಂದ ಓಡ್ತಿದ್ಲು ಅಂತೀಯ! ನನ್ ಕಣ್ಣೇ ತಾಗ್ತು."

ಮನೆಗೆ ಬಂದ ಮೇಲೆ ಗೌರಿ ಶೂ ಬಿಚ್ಚುತ್ತ ಹೇಳಿದಳು: "ಅಪ್ಪಂಗೇ ನೋಡೋದ್ ಬೇಡ ಅಂದ್ಮೇಲೆ ಯಾರ್ಗೋಸ್ಕರ ಓಡ್ಲಿ ಅಕ್ಕ?"

ಎರಡು ಮಾತೂ ಒಂದೇ ದಿನ ನನ್ನ ಕಿವಿಗೆ ಬಿದ್ದಿದ್ದವು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದ್ದರೆ ಸಾಕಿತ್ತು. ಅಜ್ಜಿಗೆ ಕೊಟ್ಟ ಮಾತು ಅಡ್ಡ ಬಂತೆಂದು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಆ ತಮಾಷೆಯನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ, ಬಹುಶಃ ಅದೇ ನಿಜವಾದ ಕಾರಣ.

ಗೌರಿ ಮತ್ತೆ ಓಡಲಿಲ್ಲ. ಅಮೃತೂರಿಗೆ ಮದುವೆಯಾಗಿ ಹೋದಳು. ಹಬ್ಬಕ್ಕೆ ಬಂದರೆ ಅಪ್ಪ ಮಗಳ ನಡುವೆ "ಊಟ ಆಯ್ತಾ", "ಆಯ್ತು", ಇಷ್ಟೇ. ಈಗೆರಡು ವರ್ಷದಿಂದ ಅದೂ ಇಲ್ಲ.

ಈ ನಡುವೆ ಸಕ್ಕರೆ ಕಾಯಿಲೆ ಚಿಕ್ಕಪ್ಪನ ಎರಡು ಕಣ್ಣನ್ನೂ ತೆಗೆದುಕೊಂಡಿತು. ಮೊನ್ನೆ ಗುಬ್ಬಿಗೆ ಹೋದಾಗ ಮುಚ್ಚಿದ ಅಂಗಡಿಯ ಜಗಲಿಯಲ್ಲಿ, ರಸ್ತೆಗೆ ಮುಖ ಮಾಡಿ ಕೂತಿದ್ದರು. ನನ್ನ ದನಿ ಗುರುತು ಹಿಡಿದು ನಕ್ಕರು.

"ಒಂದ್ ಲಾಭ ಐತೆ ಕಣಮ್ಮ! ಈ ಕಣ್ಣು ಇನ್ ಯಾರ್ಗೂ ತಾಗಲ್ಲ. ಗೌರಿ ಬಂದ್ರೆ ಅವ್ಳು ಯಾವ ಕಡೆ ನಿಂತವ್ಳೆ ಅಂತ ಹೇಳು. ಆ ಕಡೀಕೆ ಮುಖ ಮಾಡ್ಕೊಂಡು ಕೂತ್ಕೋತೀನಿ."

ಸಂಜೆ ಅಮೃತೂರಿಗೆ ಫೋನ್ ಮಾಡಿದೆ. ಕಣ್ಣಿನ ವಿಷಯ ಹೇಳಿದೆ. "ಗೊತ್ತು" ಎಂದಳು.

"ಗೌರಿ, ಅವತ್ತು ನಿಮ್ಮಪ್ಪ ಒಂದ್ಸಲ ತಿರುಗಿ ನೋಡಿದ್ರು ಕಣೇ. ಯಾಕೆ ಒಂದೇ ಸಲ ಅಂತ ಹೇಳ್ಲಾ?"