ಪೋರ್ಚಿನಲ್ಲಿ ಕರಿಯ ಚುಕ್ಕೆ

ಮಸ್ಕತ್ತಿನಲ್ಲಿ ಆಯುಷ್ಯದ ಅರ್ಧ ಸವೆಸಿ ಕಲ್ಯಾಣಪುರದ ಮನೆಗೆ ಮರಳಿದ ಕಜೆಟನ್ನರಿಗೆ ಇದ್ದದ್ದು ಒಂದೇ ಆಸೆ: ಇನ್ನು ಹಾಯಾಗಿ ಮಲಗಬೇಕು. ಮಲಗಿದ್ದೇನೋ ನಿಜ. ಆದರೆ ಪೋರ್ಚಿನ ನೆಲದ ಮೇಲೆ, ಹಳೆಯ ಬೈಕಿನ ಪಕ್ಕ, ಕೈಯಲ್ಲಿ ಟಾರ್ಚು ಹಿಡಿದು.

ಕಾರಣ ಒಂದು ಚುಕ್ಕೆ. ಅವರ ಧರ್ಮಪತ್ನಿ ತೆರೆಸಾಬಾಯಿ ಉಡುಪಿಯ ಅಂಗಡಿಗಳನ್ನೆಲ್ಲ ಜಾಲಾಡಿ ಆರಿಸಿದ ಬಿಳಿ ಟೈಲ್ಸು ಪೋರ್ಚಿಗೆ ಹಾಕಿಸಿದ್ದರು. ಅದರ ಮೇಲೆ ದಿನಾ ಬೆಳಗಾಗುವಾಗ ರೂಪಾಯಿಯಗಲ ಎಂಜಿನ್ ಎಣ್ಣೆ.

"ಕೇಳಿತಾ? ನಿಮ್ಮದು ಪುನಃ ಮಾಡಿಟ್ಟಿದೆ!" ಎಂದು ಆಕೆ ಕೂಗುವುದು ಕೇಳಿ, ಇವರು ನಾಯಿ ಸಾಕಿದ್ದಾರೆಂದು ನೆರೆಯವರು ತಿಳಿದಿದ್ದರು. (ಬರೀ ನಾಯಿಯೆಂದು ತಿಳಿದಿದ್ದರೆ ಸಾಕು ಎಂಬುದು ಕಜೆಟನ್ನರ ಪ್ರಾರ್ಥನೆ.)

"ವಯಸ್ಸಾಯಿತಲ್ವಾ ಮಾರಾಯ್ತಿ, ಸ್ವಲ್ಪ ಸೋರ್ತದೆ."

"ವಯಸ್ಸು ನನಗೂ ಆಗಿದೆ. ನಾನು ಸೋರ್ತೇನಾ? ಭಾನುವಾರ ಕಾರ್ಕಳದಿಂದ ತಂಗಿ, ಅವಳ ಗಂಡ ಎಡ್ವಿನ್ ಊಟಕ್ಕೆ ಬರ್ತಾರೆ. ಅಷ್ಟರೊಳಗೆ ನಿಲ್ಲದಿದ್ದರೆ ಬೈಕು ಗೇಟಿನಾಚೆ."

ಸಂತೆಕಟ್ಟೆಯ ಮೆಕ್ಯಾನಿಕ್ ಶೀನ ಮೊದಲ ಸಲವೇ ಎಂಜಿನ್ ಅಡಿಯ ಬೋಲ್ಟಿಗೆ ಹೊಸ ವಾಶರ್ ಹಾಕಿ, "ಇನ್ನು ಸೋರುವುದಿಲ್ಲ ಪೊರ್ಬುಗಳೇ" ಎಂದಿದ್ದ. ಆದರೂ ಚುಕ್ಕೆ ಮರಳಿತು. ಎರಡನೇ ಸಲ ಹೋದಾಗ ಶೀನ ತಲೆ ಕೆರೆದು, "ಹಾಗಾದ್ರೆ ಎಂಜಿನ್ ಬಿಚ್ಚಬೇಕು" ಎಂದ. ಹೊಟ್ಟೆ ಕೊಯ್ಯುವ ಮಾತು ಕೇಳಿ ಕಜೆಟನ್ನರು ಬೈಕು ತಿರುಗಿಸಿಕೊಂಡು ಬಂದರು. ಇಷ್ಟು ಎಣ್ಣೆ ಹೋದರೆ ಬಡಪಾಯಿ ಬದುಕುವುದು ಹೇಗೆ ಎಂಬ ಕನಿಕರದಿಂದ, ವಾಶರ್ ಹಾಕಿಸಿದ ದಿನದಿಂದಲೇ ಕ್ಯಾನಿನಿಂದ ದಿನಾ ಒಂದಿಷ್ಟು ಸುರಿಯುತ್ತಿದ್ದರು, ರೋಗಿಗೆ ರಕ್ತ ಏರಿಸಿದ ಹಾಗೆ.

ಶನಿವಾರ ಫೋನಿನ ವಿಡಿಯೋದಲ್ಲಿ ಒಬ್ಬ ಉಪಾಯ ಹೇಳಿಕೊಟ್ಟ. ಎಂಜಿನ್ ತೊಳೆದು ಒಣಗಿಸಿ, ಪೌಡರ್ ಉದುರಿಸಿ, ಸ್ಟಾರ್ಟ್ ಮಾಡಬೇಕು. ಎಲ್ಲಿ ಒದ್ದೆಯಾಯಿತೋ ಅಲ್ಲೇ ಸೋರಿಕೆ.

"ನನ್ನ ಪೌಡರ್ ಎಲ್ಲಿ ಹೋಯಿತು?"

"ಎಂಜಿನ್‌ಗೆ ಹಾಕಿದೆ."

"ಎಂತ, ಅದಕ್ಕೂ ನಾಳೆ ಇಗರ್ಜಿಯ ಪೂಜೆಗೆ ಹೋಗ್ಲಿಕ್ಕುಂಟಾ?"

ಕಜೆಟನ್ನರು ಬೈಕು ಸ್ಟಾರ್ಟ್ ಮಾಡಿದರು. ಕೆಮ್ಮುತ್ತ ನೆಲಕ್ಕೆ ಕೆನ್ನೆಯಿಟ್ಟು ನೋಡಿದರು. ಬೋಲ್ಟು ಒಣಗಿತ್ತು. ಕೀಲುಗಳೆಲ್ಲ ಒಣಗಿದ್ದವು. ಎಂಜಿನ್ ಮೊದಲ ಪರಮಪ್ರಸಾದಕ್ಕೆ ಹೊರಟ ಮಗುವಿನಂತೆ ಬೆಳ್ಳಗೆ ನಿಂತಿತ್ತು. ಅಷ್ಟರಲ್ಲಿ ಹಿಂದೆ ನೇತಾಡುತ್ತಿದ್ದ ಸಣ್ಣ ರಬ್ಬರ್ ನಳಿಗೆಯ ತುದಿಯಿಂದ ತೊಟಕ್ ಎಂದು ಒಂದು ಹನಿ ಬಿತ್ತು.

ಅದು ಎಂಜಿನ್ ಉಸಿರು ಬಿಡುವ ನಳಿಗೆ. ಅದರಲ್ಲಿ ಎಣ್ಣೆಗೆ ಏನು ಕೆಲಸ? ಎಂಜಿನ್ ನಿಲ್ಲಿಸಿ, ಅನುಮಾನದಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರು. ಮಟ್ಟದ ಗುರುತು ಮುಳುಗಿ, ಎಣ್ಣೆ ಕಡ್ಡಿಯ ಕತ್ತಿನವರೆಗೆ ಬಂದಿತ್ತು.

ಕಜೆಟನ್ನರು ಅಲ್ಲೇ ಕೂತುಬಿಟ್ಟರು. ಶೀನ ಅಂದೇ ಸೋರಿಕೆ ನಿಲ್ಲಿಸಿದ್ದ. ಆಮೇಲೆ ಇವರೇ ತುಂಬಿದ ಹೊಟ್ಟೆಗೆ ಬಡಿಸುತ್ತ ಬಂದಿದ್ದರು. ಅದು ತಾಳಲಾರದೆ ಉಸಿರಿನ ದಾರಿಯಲ್ಲಿ ಕಕ್ಕುತ್ತಿತ್ತು! ಸದ್ದಿಲ್ಲದೆ ಹೆಚ್ಚಿನ ಎಣ್ಣೆ ಇಳಿಸಿದರು. ಭಾನುವಾರ ಬೆಳಿಗ್ಗೆ ಟೈಲ್ಸು ಹಾಲಿನಂತಿತ್ತು.

"ಎಂತ ಆಗಿತ್ತು ಅದಕ್ಕೆ?" ತೆರೆಸಾಬಾಯಿ ಕೇಳಿದರು.

ನಿಜ ಹೇಳಲೆಂದೇ ಕಜೆಟನ್ನರು ಬಾಯಿ ತೆರೆದದ್ದು. ಬಾಯಿ ಕೇಳಲಿಲ್ಲ. "ಶ್ವಾಸನಾಳದ ದೋಷ. ತುಂಬಾ ಸೂಕ್ಷ್ಮ. ಸಾಧಾರಣದವರಿಗೆ ಸಿಕ್ಕುವಂಥದ್ದಲ್ಲ."

ತೆರೆಸಾಬಾಯಿ ಗಂಡನನ್ನು ಮೊದಲ ಸಲ ನೋಡಿದಂತೆ ನೋಡಿದರು. ಪೂಜೆ ಮುಗಿಯುವಷ್ಟರಲ್ಲಿ ಆ ಶ್ವಾಸನಾಳದ ಸುದ್ದಿ ಇಡೀ ಇಗರ್ಜಿಗೆ ಗೊತ್ತಾಯಿತು. ಊಟದ ಹೊತ್ತಿಗೆ ಕಾರ್ಕಳದವರಿಗೂ. ಎಡ್ವಿನ್ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸಿ, "ನನ್ನದೂ ಸೋರ್ತದೆ ಭಾವ" ಎಂದ.

ಸೋಮವಾರ ಬೆಳಿಗ್ಗೆ ಕಜೆಟನ್ನರು ಬಾಗಿಲು ತೆರೆದರೆ, ಪೋರ್ಚಿನಲ್ಲಿ ಎಡ್ವಿನನ ಬೈಕು, ಗಾಯನ ಮಂಡಳಿಯ ಕಾರ್ಲ್ಟನ್‌ನ ಸ್ಕೂಟರು, ಇನ್ನೂ ಯಾರ್ಯಾರದೋ. ಒಂದೊಂದರ ಕೆಳಗೂ ಒಂದೊಂದು ಕೆರೆ. ಕೊನೆಯಲ್ಲಿ ಗಿರಾಕಿಯ ಬೈಕು ಹಿಡಿದುಕೊಂಡು ಶೀನ. "ಇದು ನನಗೆ ಸಿಗುವುದಿಲ್ಲ ಪೊರ್ಬುಗಳೇ. ನೀವು ಒಮ್ಮೆ ನೋಡಿ."

ತೆರೆಸಾಬಾಯಿ ಟೈಲ್ಸಿನ ಕಡೆ ತಿರುಗಿಯೂ ನೋಡದೆ ಎಲ್ಲರಿಗೂ ಚಹಾ ಕೊಡುತ್ತಿದ್ದರು.

ಕಜೆಟನ್ನರು ಕೈಮುಗಿದರು. "ನಿಜ ಹೇಳ್ತೇನೆ, ನನಗೆ ಇದರಲ್ಲಿ ಎಂತದೂ ಗೊತ್ತಿಲ್ಲ."

"ನೋಡಿದ್ರಾ?" ತೆರೆಸಾಬಾಯಿಯ ಕಣ್ಣು ತುಂಬಿ ಬಂತು. "ಇಷ್ಟು ವಿದ್ಯೆ ಇದ್ದೂ ಒಂದು ಚೂರು ಗರ್ವ ಉಂಟಾ?"

ಎಡ್ವಿನ್ ತನ್ನ ಬೈಕನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದ.